ರೊನಾಲ್ಡ್ ರೇಗನ್ ಆಡಳಿತ ಮತ್ತು ಕಾರ್ಮಿಕ ಸಂಘಗಳು

ರೊನಾಲ್ಡ್ ರೇಗನ್ ಆಡಳಿತ ಮತ್ತು ಕಾರ್ಮಿಕ ಸಂಘಗಳ ನಡುವಣ ಸಂಬಂಧವು 1981ರಿಂದ 1989ರವರೆಗಿನ ಅಮೆರಿಕ ಸಂಯುಕ್ತ ಸಂಸ್ಥಾನದ ರಾಜಕೀಯ ಹಾಗೂ ಆರ್ಥಿಕ ಇತಿಹಾಸದ ಪ್ರಮುಖ ವಿಷಯಗಳಲ್ಲಿ ಒಂದು. ಆ ದೇಶದ 40ನೆಯ ಅಧ್ಯಕ್ಷರಾದ ರೇಗನ್ ಅದಕ್ಕೂ ಮೊದಲು ಚಲನಚಿತ್ರ ನಟರ ಕಾರ್ಮಿಕ ಸಂಘದ ಅಧ್ಯಕ್ಷರಾಗಿದ್ದರು. ಕಾರ್ಮಿಕ ಸಂಘವೊಂದರ ಮುಖ್ಯಸ್ಥರಾಗಿದ್ದು ಬಳಿಕ ರಾಷ್ಟ್ರಾಧ್ಯಕ್ಷರಾದವರಲ್ಲಿ ಅವರೇ ಮೊದಲಿಗರು. ಆದರೆ 1981ರ ಆಗಸ್ಟ್‌ನಲ್ಲಿ ಮುಷ್ಕರ ಹೂಡಿದ 11,345 ವಾಯು ಸಂಚಾರ ನಿಯಂತ್ರಕರನ್ನು ಅವರು ಕೆಲಸದಿಂದ ವಜಾ ಮಾಡಿದರು. ಅಮೆರಿಕದಲ್ಲಿ ಮುಷ್ಕರವೆಂಬ ಅಸ್ತ್ರವು ದುರ್ಬಲಗೊಂಡುದಕ್ಕೆ ಈ ಕ್ರಮವನ್ನು ಒಂದು ಮುಖ್ಯ ತಿರುವು ಎಂದು ಅನೇಕ ಇತಿಹಾಸಕಾರರು ಪರಿಗಣಿಸುತ್ತಾರೆ.

ಹಿನ್ನೆಲೆ

ರೇಗನ್ 1947ರಿಂದ 1952ರವರೆಗೆ ಮತ್ತು ಪುನಃ 1959ರಿಂದ 1960ರವರೆಗೆ ಹಾಲಿವುಡ್ ನಟರ ಸಂಘವಾದ ಸ್ಕ್ರೀನ್ ಆಕ್ಟರ್ಸ್ ಗಿಲ್ಡ್‌ನ ಅಧ್ಯಕ್ಷರಾಗಿದ್ದರು. 1960ರ ಮಾರ್ಚ್‌ನಲ್ಲಿ ಅವರ ನಾಯಕತ್ವದಲ್ಲಿ ಈ ಸಂಘವು ಚಿತ್ರ ನಿರ್ಮಾಣ ಸಂಸ್ಥೆಗಳ ವಿರುದ್ಧ ಮುಷ್ಕರ ನಡೆಸಿತು. ಚಲನಚಿತ್ರಗಳು ದೂರದರ್ಶನದಲ್ಲಿ ಮರುಪ್ರದರ್ಶನಗೊಂಡಾಗ ನಟರಿಗೂ ಸಂಭಾವನೆ ಸಲ್ಲಬೇಕೆಂಬುದು ಮುಖ್ಯ ಬೇಡಿಕೆಯಾಗಿತ್ತು. ಒಪ್ಪಂದದ ಪ್ರಕಾರ 1960ರಿಂದ ಮುಂದೆ ತಯಾರಾಗುವ ಚಿತ್ರಗಳಿಗೆ ಈ ಸಂಭಾವನೆ ದೊರೆಯಿತು. ಹಿಂದಿನ ಚಿತ್ರಗಳ ಹಕ್ಕನ್ನು ಬಿಟ್ಟುಕೊಡುವುದಕ್ಕೆ ಪ್ರತಿಯಾಗಿ ನಟರ ಪಿಂಚಣಿ ಮತ್ತು ಆರೋಗ್ಯ ನಿಧಿಗೆ 22.5 ಲಕ್ಷ ಡಾಲರ್ ಸಂದಾಯವಾಯಿತು. ಹಳೆಯ ಚಿತ್ರಗಳಲ್ಲಿ ನಟಿಸಿದ್ದ ಕೆಲವರಿಗೆ ಇದು ಅಸಮಾಧಾನ ತಂದಿತು.

ಆ ಕಾಲದಲ್ಲಿ ಡೆಮಾಕ್ರಟಿಕ್ ಪಕ್ಷದಲ್ಲಿದ್ದ ರೇಗನ್ 1962ರಲ್ಲಿ ರಿಪಬ್ಲಿಕನ್ ಪಕ್ಷ ಸೇರಿದರು. 1967ರಿಂದ 1975ರವರೆಗೆ ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದರು.

1980ರ ಅಧ್ಯಕ್ಷೀಯ ಚುನಾವಣೆಯಲ್ಲಿ ದೇಶದ ಬಹುಪಾಲು ಸಂಘಗಳ ಮಹಾಒಕ್ಕೂಟವಾದ ಎಎಫ್‌ಎಲ್-ಸಿಐಒ, ಅಧಿಕಾರದಲ್ಲಿದ್ದ ಜಿಮ್ಮಿ ಕಾರ್ಟರ್ ಅವರನ್ನು ಬೆಂಬಲಿಸಿತು. ಆಗ ಈ ಮಹಾಒಕ್ಕೂಟದ ಹೊರಗಿದ್ದ ಲಾರಿ ಚಾಲಕರ ಟೀಮ್‌ಸ್ಟರ್ಸ್ ಸಂಘ ಹಾಗೂ ವಾಯು ಸಂಚಾರ ನಿಯಂತ್ರಕರ ಸಂಘದಂತಹ ಕೆಲವು ಸಂಘಗಳು ರೇಗನ್ ಅವರ ಪರವಾಗಿ ನಿಂತವು. ಮತದಾನದಲ್ಲಿ ಸಂಘಗಳ ನಾಯಕರ ಮಾತನ್ನು ಸದಸ್ಯರು ಪೂರ್ಣವಾಗಿ ಅನುಸರಿಸಲಿಲ್ಲ. ಕಾರ್ಮಿಕ ಸಂಘದ ಸದಸ್ಯರಿರುವ ಕುಟುಂಬಗಳ ಶೇ. 40ಕ್ಕೂ ಹೆಚ್ಚು ಮತಗಳು ರೇಗನ್ ಅವರಿಗೆ ಬಿದ್ದವು. ಪಕ್ಷ ಬದಲಿಸಿ ಮತ ಹಾಕಿದ ಇಂತಹವರನ್ನು ಮುಂದೆ 'ರೇಗನ್ ಡೆಮಾಕ್ರಟರು' ಎಂದು ಕರೆಯಲಾಯಿತು.

ವಾಯು ಸಂಚಾರ ನಿಯಂತ್ರಕರ ಮುಷ್ಕರ

ವಿಮಾನಗಳ ಹಾರಾಟ, ಇಳಿಯುವಿಕೆ ಹಾಗೂ ಪರಸ್ಪರ ಅಂತರವನ್ನು ರೇಡಾರ್ ಮತ್ತು ರೇಡಿಯೊ ಮೂಲಕ ನಿರ್ದೇಶಿಸುವ ನಿಯಂತ್ರಕರು ಅಮೆರಿಕದಲ್ಲಿ ಫೆಡರಲ್ ಸರ್ಕಾರದ ನೌಕರರು. ಅವರು ಫೆಡರಲ್ ವಾಯುಯಾನ ಆಡಳಿತದ (ಎಫ್‌ಎಎ) ಅಧೀನದಲ್ಲಿ ಕೆಲಸ ಮಾಡುತ್ತಾರೆ. 1968ರಲ್ಲಿ ಅವರು ಪ್ಯಾಟ್ಕೊ ಎಂಬ ಸಂಕ್ಷಿಪ್ತ ಹೆಸರಿನಿಂದ ಪ್ರಸಿದ್ಧವಾದ ಸಂಘವನ್ನು ಕಟ್ಟಿಕೊಂಡರು. 1962ರಲ್ಲಿ ಅಧ್ಯಕ್ಷ ಜಾನ್ ಎಫ್. ಕೆನಡಿ ಹೊರಡಿಸಿದ ಆದೇಶವು ಫೆಡರಲ್ ನೌಕರರಿಗೆ ಸೀಮಿತ ವಿಷಯಗಳಲ್ಲಿ ಸಾಮೂಹಿಕ ಚೌಕಾಸಿಯ ಅವಕಾಶ ನೀಡಿತ್ತು. ಆದರೆ ಮುಷ್ಕರದ ಹಕ್ಕನ್ನು ಕೊಟ್ಟಿರಲಿಲ್ಲ. 1955ರ ಕಾನೂನಿನಂತೆ ಫೆಡರಲ್ ಸರ್ಕಾರದ ವಿರುದ್ಧ ನೌಕರರು ಮುಷ್ಕರ ಹೂಡುವುದು ಅಪರಾಧವಾಗಿತ್ತು. ಮುಷ್ಕರದಲ್ಲಿ ಭಾಗವಹಿಸುವುದಿಲ್ಲವೆಂದು ಪ್ರತಿಯೊಬ್ಬ ನೌಕರನೂ ಲಿಖಿತವಾಗಿ ಪ್ರಮಾಣ ಮಾಡಬೇಕಾಗಿತ್ತು.

ಹಾಗಿದ್ದರೂ ಆ ಮುಂಚಿನ ವರ್ಷಗಳಲ್ಲಿ ಈ ನಿಷೇಧವು ಕಟ್ಟುನಿಟ್ಟಾಗಿ ಜಾರಿಯಾಗಿರಲಿಲ್ಲ. 1970ರಲ್ಲಿ ಅಂಚೆ ನೌಕರರು ಮುಷ್ಕರ ನಡೆಸಿ, ಸಾಮೂಹಿಕ ವಜಾಕ್ಕೆ ಒಳಗಾಗದೆ ವೇತನ ಹೆಚ್ಚಳ ಪಡೆದಿದ್ದರು. ಅದೇ ವರ್ಷ ಸುಮಾರು 3,000 ನಿಯಂತ್ರಕರು ಅನಾರೋಗ್ಯದ ಕಾರಣ ನೀಡಿ ಒಟ್ಟಾಗಿ ರಜೆ ಹಾಕಿದ್ದರು. ಸರ್ಕಾರ ಕೊನೆಗೆ ಮಾತುಕತೆಗೆ ಬರುತ್ತದೆಂಬ ನಂಬಿಕೆ ಸಂಘದಲ್ಲಿ ಬೆಳೆಯಲು ಇಂತಹ ಘಟನೆಗಳು ಕಾರಣವಾದವು. 1980ರ ಅಕ್ಟೋಬರ್‌ನಲ್ಲಿ, ಚುನಾವಣೆಗೆ ಕೆಲವೇ ದಿನಗಳ ಮುನ್ನ, ರೇಗನ್ ಅವರು ಪ್ಯಾಟ್ಕೊ ಅಧ್ಯಕ್ಷ ರಾಬರ್ಟ್ ಪೋಲಿ ಅವರಿಗೆ ಬರೆದ ಪತ್ರವು ಈ ನಂಬಿಕೆಯನ್ನು ಇನ್ನಷ್ಟು ಬಲಪಡಿಸಿತು. ಆಧುನಿಕ ಉಪಕರಣಗಳನ್ನು ಒದಗಿಸುವ, ಸಿಬ್ಬಂದಿಯ ಸಂಖ್ಯೆ ಮತ್ತು ಕೆಲಸದ ದಿನಗಳನ್ನು ಸರಿಹೊಂದಿಸುವ ಭರವಸೆ ಅದರಲ್ಲಿತ್ತು.

1981ರ ಮಾತುಕತೆಯಲ್ಲಿ ಪ್ಯಾಟ್ಕೊ ಮುಂದಿಟ್ಟ ಮುಖ್ಯ ಬೇಡಿಕೆಗಳು ಇವು:

- ಎಲ್ಲ ನಿಯಂತ್ರಕರಿಗೂ ವಾರ್ಷಿಕ 10,000 ಡಾಲರ್ ವೇತನ ಹೆಚ್ಚಳ
- ವಾರಕ್ಕೆ ನಾಲ್ಕು ದಿನಗಳಂತೆ 32 ಗಂಟೆಗಳ ಕೆಲಸ
- 20 ವರ್ಷಗಳ ಸೇವೆಯ ಬಳಿಕ ಪೂರ್ಣ ಪಿಂಚಣಿಯೊಂದಿಗೆ ನಿವೃತ್ತಿ

ಜೂನ್‌ನಲ್ಲಿ ಉಭಯ ಪಕ್ಷಗಳ ಪ್ರತಿನಿಧಿಗಳು ಒಂದು ತಾತ್ಕಾಲಿಕ ಒಪ್ಪಂದಕ್ಕೆ ಬಂದರು. ಕಾನೂನಿನ ಪ್ರಕಾರ ಫೆಡರಲ್ ನೌಕರರ ವೇತನವು ಚೌಕಾಸಿಯ ವ್ಯಾಪ್ತಿಗೆ ಸೇರಿರಲಿಲ್ಲ. ಹಾಗಿದ್ದೂ ಸರ್ಕಾರವು ಕೆಲವು ಆರ್ಥಿಕ ಸೌಲಭ್ಯಗಳಿಗೆ ಒಪ್ಪಿದ್ದುದು ಅಸಾಮಾನ್ಯ ಸಂಗತಿಯಾಗಿತ್ತು. ಆದರೆ ಕೆಲಸದ ಅವಧಿ ಮತ್ತು ನಿವೃತ್ತಿಯ ವಿಷಯದಲ್ಲಿ ಬೇಡಿಕೆಗಳು ಈಡೇರಲಿಲ್ಲವೆಂದು ಸಂಘದ ಸದಸ್ಯರು ಸುಮಾರು ಶೇ. 95ರಷ್ಟು ಮತಗಳಿಂದ ಒಪ್ಪಂದವನ್ನು ತಿರಸ್ಕರಿಸಿದರು.

1981ರ ಆಗಸ್ಟ್ 3ರ ಬೆಳಿಗ್ಗೆ ಸುಮಾರು 13,000 ನಿಯಂತ್ರಕರು ಮುಷ್ಕರ ಆರಂಭಿಸಿದರು. ಅದೇ ದಿನ ರೇಗನ್ ಶ್ವೇತಭವನದ ಗುಲಾಬಿ ತೋಟದಲ್ಲಿ ಪತ್ರಕರ್ತರನ್ನು ಕರೆದು, 48 ಗಂಟೆಗಳೊಳಗೆ ಕೆಲಸಕ್ಕೆ ಮರಳದವರ ಉದ್ಯೋಗ ಕೊನೆಗೊಳ್ಳುತ್ತದೆ ಎಂದು ಘೋಷಿಸಿದರು. ತಾವೂ ಮುಷ್ಕರವೊಂದನ್ನು ಮುನ್ನಡೆಸಿದವರೆಂಬುದನ್ನು ಅವರು ಆ ಹೇಳಿಕೆಯಲ್ಲಿ ನೆನಪಿಸಿಕೊಂಡರು. ಖಾಸಗಿ ವಲಯದ ಕಾರ್ಮಿಕರ ಮುಷ್ಕರದ ಹಕ್ಕನ್ನು ಗೌರವಿಸುವುದಾಗಿ ಹೇಳಿ, ಸಾರ್ವಜನಿಕ ರಕ್ಷಣೆಯ ಸೇವೆಗಳನ್ನು ಸರ್ಕಾರವು ಕಾರ್ಖಾನೆಯಂತೆ ನಿಲ್ಲಿಸಲಾಗದು ಎಂದು ವಾದಿಸಿದರು. ಗಡುವಿನೊಳಗೆ ಮರಳಿದವರು ಕೆಲವರು ಮಾತ್ರ. ಆಗಸ್ಟ್ 5ರಂದು ಉಳಿದ 11,345 ಮಂದಿಯನ್ನು ವಜಾ ಮಾಡಿ, ಅವರು ಮತ್ತೆ ಫೆಡರಲ್ ಸೇವೆಗೆ ಸೇರದಂತೆ ನಿಷೇಧಿಸಲಾಯಿತು.

ಎಫ್‌ಎಎ ಮೇಲ್ವಿಚಾರಕರು, ಮುಷ್ಕರಕ್ಕೆ ಸೇರದ ನಿಯಂತ್ರಕರು ಮತ್ತು ಸೇನೆಯ ನಿಯಂತ್ರಕರನ್ನು ಬಳಸಿ ಮೊದಲೇ ಸಿದ್ಧಪಡಿಸಿದ್ದ ಯೋಜನೆಯಂತೆ ವಿಮಾನ ಸಂಚಾರವನ್ನು ಮುಂದುವರಿಸಿತು. ಪ್ರಮುಖ ನಿಲ್ದಾಣಗಳಲ್ಲಿ ಹಾರಾಟಗಳನ್ನು ಕಡಿತಗೊಳಿಸಲಾಯಿತಾದರೂ ಕೆಲವೇ ದಿನಗಳಲ್ಲಿ ನಿಗದಿತ ಹಾರಾಟಗಳ ಬಹುಪಾಲು ನಡೆಯತೊಡಗಿದವು. ಪೈಲಟ್‌ಗಳ ಸಂಘವು ಮುಷ್ಕರಕ್ಕೆ ಬೆಂಬಲ ನೀಡಲಿಲ್ಲ. ಇತರ ವಿಮಾನಯಾನ ನೌಕರರೂ ಕೆಲಸ ಮುಂದುವರಿಸಿದರು. ನ್ಯಾಯಾಲಯಗಳು ಸಂಘಕ್ಕೆ ಭಾರಿ ದಂಡ ವಿಧಿಸಿದವು. ಕೆಲವು ಸ್ಥಳೀಯ ಮುಖಂಡರು ಜೈಲು ಸೇರಿದರು. 1981ರ ಅಕ್ಟೋಬರ್ 22ರಂದು ಫೆಡರಲ್ ಕಾರ್ಮಿಕ ಸಂಬಂಧಗಳ ಪ್ರಾಧಿಕಾರವು ಪ್ಯಾಟ್ಕೊದ ಮಾನ್ಯತೆಯನ್ನು ರದ್ದುಗೊಳಿಸಿತು.

ಕಾರ್ಮಿಕ ಚಳವಳಿಯ ಪ್ರತಿಕ್ರಿಯೆ

1981ರ ಸೆಪ್ಟೆಂಬರ್ 19ರಂದು ಎಎಫ್‌ಎಲ್-ಸಿಐಒ ವಾಷಿಂಗ್ಟನ್‌ನಲ್ಲಿ 'ಐಕಮತ್ಯ ದಿನ'ದ ಮೆರವಣಿಗೆಯನ್ನು ಏರ್ಪಡಿಸಿತು. ಸುಮಾರು ಎರಡೂವರೆ ಲಕ್ಷ ಜನ ಪಾಲ್ಗೊಂಡ ಈ ಪ್ರದರ್ಶನದಲ್ಲಿ ಪ್ಯಾಟ್ಕೊ ಸದಸ್ಯರೂ ಇದ್ದರು. ಆದರೆ ಲೇನ್ ಕರ್ಕ್‌ಲ್ಯಾಂಡ್ ಅವರ ನೇತೃತ್ವದ ಮಹಾಒಕ್ಕೂಟವು ನಿಯಂತ್ರಕರ ಪರವಾಗಿ ಇತರ ಸಂಘಗಳ ಮುಷ್ಕರಕ್ಕೆ ಕರೆ ನೀಡಲಿಲ್ಲ. ಸಾರ್ವಜನಿಕ ಅಭಿಪ್ರಾಯವೂ ಹೆಚ್ಚಾಗಿ ಅಧ್ಯಕ್ಷರ ಪರವಾಗಿತ್ತು. ನಿಯಂತ್ರಕರ ಬೇಡಿಕೆಗಳು ಮಿತಿಮೀರಿದವು ಎಂಬ ಭಾವನೆ ಇತರ ಕಾರ್ಮಿಕರಲ್ಲಿಯೂ ಇತ್ತು.

ಇದೇ ಅವಧಿಯಲ್ಲಿ ಪೋಲೆಂಡಿನ ಸ್ವತಂತ್ರ ಕಾರ್ಮಿಕ ಸಂಘವಾದ 'ಸಾಲಿಡಾರಿಟಿ'ಯನ್ನು ರೇಗನ್ ಬಹಿರಂಗವಾಗಿ ಬೆಂಬಲಿಸಿದರು. 1981ರ ಡಿಸೆಂಬರ್‌ನಲ್ಲಿ ಅಲ್ಲಿ ಸೇನಾಡಳಿತ ಜಾರಿಯಾದಾಗ ಪೋಲೆಂಡ್ ಮತ್ತು ಸೋವಿಯತ್ ಒಕ್ಕೂಟದ ವಿರುದ್ಧ ನಿರ್ಬಂಧಗಳನ್ನು ಹೇರಿದರು. ಎಎಫ್‌ಎಲ್-ಸಿಐಒ ಕೂಡ ಪೋಲಿಷ್ ಕಾರ್ಮಿಕರಿಗೆ ನೆರವು ನೀಡುತ್ತಿದ್ದುದರಿಂದ ಇದು ಎರಡೂ ಪಕ್ಷಗಳು ಸಹಮತ ಹೊಂದಿದ್ದ ಅಪರೂಪದ ವಿಷಯವಾಗಿತ್ತು. ಪರದೇಶದ ಮುಷ್ಕರವನ್ನು ಹೊಗಳಿ ಸ್ವದೇಶದ ಮುಷ್ಕರವನ್ನು ಮುರಿದರೆಂದು ಟೀಕಾಕಾರರು ರೇಗನ್ ಅವರನ್ನು ಆಕ್ಷೇಪಿಸಿದರು.

ಕಾರ್ಮಿಕ ನೀತಿ

ಖಾಸಗಿ ವಲಯದಲ್ಲಿ ಸಂಘ ರಚನೆ ಹಾಗೂ ಚೌಕಾಸಿಯ ವಿವಾದಗಳನ್ನು ತೀರ್ಮಾನಿಸುವ ಸಂಸ್ಥೆ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಮಂಡಳಿ. ಇದರ ಸದಸ್ಯರನ್ನು ಸೆನೆಟ್‌ನ ಒಪ್ಪಿಗೆಯೊಂದಿಗೆ ಅಧ್ಯಕ್ಷರು ನೇಮಿಸುತ್ತಾರೆ. 1983ರಲ್ಲಿ ಡೊನಾಲ್ಡ್ ಡಾಟ್ಸನ್ ಮಂಡಳಿಯ ಮುಖ್ಯಸ್ಥರಾದ ಬಳಿಕ ಅದು ಹಿಂದಿನ ಹಲವು ತೀರ್ಪುಗಳನ್ನು ಬದಲಿಸಿ ಮಾಲೀಕರಿಗೆ ಹೆಚ್ಚಿನ ಅವಕಾಶ ನೀಡಿತು. ಒಪ್ಪಂದದ ಅವಧಿಯಲ್ಲಿಯೇ ಸಂಘವಿಲ್ಲದ ಘಟಕಕ್ಕೆ ಕೆಲಸವನ್ನು ವರ್ಗಾಯಿಸುವುದು ಅಂತಹ ವಿಷಯಗಳಲ್ಲಿ ಒಂದು.

ಫೆಡರಲ್ ಕನಿಷ್ಠ ವೇತನವು 1981ರ ಜನವರಿಯಿಂದ ರೇಗನ್ ಅವರ ಎರಡೂ ಅವಧಿಗಳು ಮುಗಿಯುವವರೆಗೆ ಗಂಟೆಗೆ 3.35 ಡಾಲರಿನಲ್ಲಿಯೇ ಉಳಿಯಿತು. ಬೆಲೆ ಏರಿಕೆಯಿಂದಾಗಿ ಅದರ ನೈಜ ಮೌಲ್ಯ ಕುಸಿಯಿತು. ಕಾರ್ಖಾನೆ ಮುಚ್ಚುವ ಮುನ್ನ ಕಾರ್ಮಿಕರಿಗೆ 60 ದಿನಗಳ ಮುನ್ಸೂಚನೆ ನೀಡಬೇಕೆಂಬ 1988ರ ಕಾನೂನು ಸಂಘಗಳಿಗೆ ದೊರೆತ ಒಂದು ಗೆಲುವು. ಈ ಅಂಶವಿದ್ದ ವ್ಯಾಪಾರ ಮಸೂದೆಯನ್ನು ರೇಗನ್ ಮೊದಲು ತಡೆಹಿಡಿದಿದ್ದರು. ಕಾಂಗ್ರೆಸ್ ಅದನ್ನು ಪ್ರತ್ಯೇಕ ಮಸೂದೆಯಾಗಿ ಅಂಗೀಕರಿಸಿದಾಗ ಅವರು ಸಹಿ ಹಾಕದೆಯೇ ಕಾನೂನಾಗಲು ಬಿಟ್ಟರು.

ಖಾಸಗಿ ವಲಯದ ಮೇಲಿನ ಪರಿಣಾಮ

ಅಮೆರಿಕದ ಕಾನೂನಿನಲ್ಲಿ ಖಾಸಗಿ ಕಾರ್ಮಿಕರನ್ನು ಮುಷ್ಕರ ಹೂಡಿದ ಕಾರಣಕ್ಕೆ ವಜಾ ಮಾಡುವಂತಿಲ್ಲ. ಆದರೆ 1938ರ ಮೆಕೇ ರೇಡಿಯೊ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪಿನಂತೆ, ವೇತನ ಮೊದಲಾದ ಆರ್ಥಿಕ ಕಾರಣಗಳ ಮುಷ್ಕರದಲ್ಲಿ ಮಾಲೀಕರು ಅವರ ಸ್ಥಾನಕ್ಕೆ ಬದಲಿ ಕಾರ್ಮಿಕರನ್ನು ಕಾಯಂ ಆಗಿ ನೇಮಿಸಿಕೊಳ್ಳಬಹುದು. ಮುಷ್ಕರ ಮುಗಿದ ಮೇಲೂ ಆ ಬದಲಿಯವರನ್ನು ತೆಗೆಯಬೇಕಾಗಿಲ್ಲ. ಹೀಗಾಗಿ ವಜಾ ಮತ್ತು ಬದಲಿ ನೇಮಕದ ನಡುವಿನ ಅಂತರವು ಕೆಲಸ ಕಳೆದುಕೊಂಡವರಿಗೆ ಹೆಚ್ಚಾಗಿ ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ದಶಕಗಳ ಕಾಲ ದೊಡ್ಡ ಕಂಪನಿಗಳು ಈ ಅವಕಾಶವನ್ನು ಬಳಸಿದ್ದು ಕಡಿಮೆ. 1981ರ ಬಳಿಕ ಅದರ ಬಳಕೆ ಹೆಚ್ಚಿತು. 1983ರಲ್ಲಿ ಅರಿಜೋನಾದ ಫೆಲ್ಪ್ಸ್ ಡಾಡ್ಜ್ ತಾಮ್ರದ ಗಣಿಗಳಲ್ಲಿ ಹಾಗೂ 1986ರಲ್ಲಿ ಮಿನ್ನೆಸೋಟಾದ ಆಸ್ಟಿನ್ ಪಟ್ಟಣದ ಹಾರ್ಮೆಲ್ ಮಾಂಸ ಸಂಸ್ಕರಣಾ ಘಟಕದಲ್ಲಿ ಬದಲಿ ಕಾರ್ಮಿಕರ ನೆರವಿನಿಂದ ಕೆಲಸ ನಡೆಸಿ ಮುಷ್ಕರಗಳನ್ನು ಸೋಲಿಸಲಾಯಿತು.

ಸಾವಿರ ಅಥವಾ ಅದಕ್ಕೂ ಹೆಚ್ಚು ಕಾರ್ಮಿಕರು ಪಾಲ್ಗೊಂಡ ಕೆಲಸ ಸ್ಥಗಿತಗಳ ಸಂಖ್ಯೆ 1980ರಲ್ಲಿ 187 ಇದ್ದುದು 1982ರಲ್ಲಿ 96ಕ್ಕೆ, 1988ರಲ್ಲಿ 40ಕ್ಕೆ ಇಳಿಯಿತು. ವೇತನ ಪಡೆಯುವ ನೌಕರರಲ್ಲಿ ಸಂಘದ ಸದಸ್ಯರ ಪ್ರಮಾಣ 1983ರಲ್ಲಿ ಶೇ. 20.1 ಇದ್ದು, 1988ರಲ್ಲಿ ಶೇ. 16.8 ಆಯಿತು.

ಮೌಲ್ಯಮಾಪನ

ಈ ಕುಸಿತದಲ್ಲಿ ರೇಗನ್ ಆಡಳಿತದ ಪಾಲು ಎಷ್ಟು ಎಂಬ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಸಂಘದ ಸದಸ್ಯತ್ವದ ಪ್ರಮಾಣ 1950ರ ದಶಕದ ನಂತರ ಇಳಿಯುತ್ತಲೇ ಇತ್ತು. ವಿಮಾನಯಾನ ಮತ್ತು ಲಾರಿ ಸಾಗಣೆಯ ಮೇಲಿನ ನಿಯಂತ್ರಣಗಳನ್ನು ಸಡಿಲಿಸಿದ 1978 ಹಾಗೂ 1980ರ ಕಾನೂನುಗಳು ಕಾರ್ಟರ್ ಅವರ ಕಾಲದವು. 1981–82ರ ಆರ್ಥಿಕ ಹಿಂಜರಿತದಲ್ಲಿ ನಿರುದ್ಯೋಗ ಶೇ. 10.8ಕ್ಕೆ ಏರಿ ಕಾರ್ಖಾನೆ ಕಾರ್ಮಿಕರ ಚೌಕಾಸಿಯ ಬಲ ಕುಗ್ಗಿತು. ಇನ್ನೊಂದೆಡೆ, 2011ರಲ್ಲಿ ಪ್ರಕಟವಾದ 'ಕೊಲಿಷನ್ ಕೋರ್ಸ್' ಕೃತಿಯ ಲೇಖಕ, ಇತಿಹಾಸಕಾರ ಜೋಸೆಫ್ ಮೆಕಾರ್ಟಿನ್ ಅವರು ಪ್ಯಾಟ್ಕೊ ಸೋಲು ಮುಷ್ಕರದ ಕುರಿತಾದ ಸಮಾಜದ ಧೋರಣೆಯನ್ನೇ ಬದಲಿಸಿತೆಂದು ವಾದಿಸುತ್ತಾರೆ. ಕೇಂದ್ರೀಯ ಬ್ಯಾಂಕಿನ ಮುಖ್ಯಸ್ಥರಾಗಿದ್ದ ಅಲನ್ ಗ್ರೀನ್‌ಸ್ಪ್ಯಾನ್ 2003ರಲ್ಲಿ ಈ ವಜಾ ಕ್ರಮವನ್ನು ರೇಗನ್ ಅವರ ಅತಿ ಮುಖ್ಯ ಆಂತರಿಕ ಕ್ರಮವೆಂದು ಪ್ರಶಂಸಿಸಿದ್ದರು. ಪರ ಮತ್ತು ವಿರೋಧದ ಈ ಎರಡೂ ವಾದಗಳು ಒಪ್ಪುವ ಅಂಶವೆಂದರೆ, ಸರ್ಕಾರಿ ನೌಕರರ ಕಾನೂನುಬಾಹಿರ ಮುಷ್ಕರದ ವಿರುದ್ಧ ಕೈಗೊಂಡ ಕ್ರಮದ ಪ್ರಭಾವ ಖಾಸಗಿ ವಲಯಕ್ಕೂ ವ್ಯಾಪಿಸಿತು ಎಂಬುದು.

ನಂತರದ ಬೆಳವಣಿಗೆಗಳು

ಹೊಸ ನಿಯಂತ್ರಕರ ತರಬೇತಿಗೆ ಹಲವು ವರ್ಷಗಳು ಬೇಕಾದುದರಿಂದ ಸಿಬ್ಬಂದಿಯ ಕೊರತೆ ದೀರ್ಘಕಾಲ ಮುಂದುವರಿಯಿತು. ಮುಷ್ಕರದ ಬಳಿಕ ಸೇರಿದ ನಿಯಂತ್ರಕರು 1987ರಲ್ಲಿ ನ್ಯಾಟ್ಕಾ ಎಂಬ ಹೊಸ ಸಂಘವನ್ನು ರಚಿಸಿಕೊಂಡರು. ಕೆಲಸದ ಒತ್ತಡ, ಹಳೆಯ ಉಪಕರಣಗಳಂತಹ ಹಿಂದಿನ ದೂರುಗಳೇ ಅದಕ್ಕೂ ಪ್ರೇರಣೆಯಾಗಿದ್ದವು. ವಜಾಗೊಂಡವರನ್ನು ಎಫ್‌ಎಎಗೆ ಮರಳಿ ಸೇರಿಸಿಕೊಳ್ಳುವುದರ ಮೇಲಿದ್ದ ನಿಷೇಧವನ್ನು 1993ರ ಆಗಸ್ಟ್‌ನಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ತೆರವುಗೊಳಿಸಿದರು. 12 ವರ್ಷಗಳು ಕಳೆದಿದ್ದುದರಿಂದ ಮರುನೇಮಕ ಪಡೆದವರು ಒಂದು ಸಾವಿರಕ್ಕಿಂತಲೂ ಕಡಿಮೆ. 1998ರಲ್ಲಿ ರಾಜಧಾನಿ ವಾಷಿಂಗ್ಟನ್‌ನ ರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ರೇಗನ್ ಅವರ ಹೆಸರನ್ನು ಇಡಲಾಯಿತು.