ಅಕ್ಕನ ಬಲಗೈ

ಕಾರು ಗುದ್ದಿ ಅಕ್ಕನ ಬಲ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಕೈ ಮಾತ್ರ ಮೊದಲಿನಂತೆ ತಿರುಗಲಿಲ್ಲ. ಪರಿಹಾರದ ಅರ್ಜಿ ಬರೆಯುವಾಗ ವಕೀಲರು 'ಆದಾಯ?' ಎಂದರು. 'ಮನೆಗೆಲಸ' ಎಂದಳು ಅಕ್ಕ. ಅವರು 'ಇಲ್ಲ' ಎಂದು ಬರೆದುಕೊಂಡರು.

ಇತಿಹಾಸ ಪಾಠ ಮಾಡುವ ನಾನು ಆ 'ಇಲ್ಲ'ದ ಬೆನ್ನು ಹತ್ತಿದೆ. 1939ರ ಮೋಟಾರು ವಾಹನ ಕಾಯಿದೆಗೆ 1956ರಲ್ಲಿ ತಿದ್ದುಪಡಿಯಾಗಿ ಪರಿಹಾರ ನ್ಯಾಯಮಂಡಳಿಗಳಿಗೆ ದಾರಿಯಾಯಿತು. 1994ರ ಕೋಷ್ಟಕ ಗೃಹಿಣಿಯ ಆದಾಯವನ್ನು ಗಂಡನ ಸಂಪಾದನೆಯ ಮೂರನೇ ಒಂದು ಪಾಲೆಂದು ಎಣಿಸಿತು. ಅಡಿಗೆ ಮಾತ್ರ ಪೂರ್ತಿಯೇ ಆಗಬೇಕು ನೋಡಿ! 2010ರಲ್ಲಿ ಸುಪ್ರೀಂ ಕೋರ್ಟ್ ಈ ಲೆಕ್ಕವನ್ನು ಟೀಕಿಸಿತು. ಅದೇ ವರ್ಷ ಇನ್ನೊಂದು ತೀರ್ಪಿನಲ್ಲಿ, ಊನದ ಶೇಕಡಾವಾರು ಒಂದೇ ಸಾಲದು, ಅದರಿಂದ ಯಾವ ಕೆಲಸ ನಿಂತಿತೆಂದು ನೋಡಬೇಕು ಎಂದಿತು.

ಮತ್ತೆ ವಕೀಲರಲ್ಲಿಗೆ ಹೋದೆವು. ಅಕ್ಕ ಒಂದೊಂದಾಗಿ ಬರೆಸಿದಳು: ರೊಟ್ಟಿ ತಟ್ಟುವುದು, ಬಟ್ಟೆ ಹಿಂಡುವುದು, ಜಡೆ ಹೆಣೆದುಕೊಳ್ಳುವುದು.