ಬೆಂಚಿನ ಮ್ಯಾಲಿನ ದನಿ

(1/6)
ಈ ವಾರದ ಇತಿಹಾಸ ಸರಣಿ ಆಟದ ಬಗ್ಗೆ. ಆದ್ರ ಆಡೋರ ಬಗ್ಗೆ ಅಲ್ಲ, ಬದಿಗೆ ಕೂತು ಕೂಗೋರ ಬಗ್ಗೆ.

ಹುಡುಗಿಯರ ಸಾಫ್ಟ್‌ಬಾಲ್ ವಿಡಿಯೊ ನೋಡೀರೇನು? ಒಬ್ಬಾಕಿ ಬ್ಯಾಟ್ ಹಿಡಿದು ನಿಂತಿರ್ತಾಳ. ಉಳಿದವರು ಡಗೌಟ್‌ನ್ಯಾಗ, ಅಂದ್ರ ಮೈದಾನದ ಅಂಚಿಗೆ ತಂಡದವರು ಕೂರೋ ಜಾಗದಾಗ, ಜಾಲರಿ ಹಿಡ್ಕೊಂಡು ತಾಳ ಹಾಕಿ, ಆಕಿ ಹೆಸರಿಗೆ ಹಾಡು ಕಟ್ಟಿ ಒಂದೇ ದನಿಯಲ್ಲಿ ಕೂಗ್ತಾರ. ಇದನ್ನ ನೋಡಿದವರು ಎರಡು ಪಕ್ಷ ಆಗ್ತಾರ. ಕೆಲವರಿಗೆ ಅದೇ ಆಟದ ಮಜಾ. ಕೆಲವರಿಗೆ ಅದು ಬರೇ ಗದ್ದಲ, ತಲಿನೋವು. ನಮ್ಮ ಕಡೆ ಮೂರನೇ ಮಾತೊಂದು ಯಾವಾಗ್ಲೂ ಇರ್ತದ: "ಹುಡುಗ್ಯಾರು ಹಿಂಗ ಒದರೋದು ಚಂದ ಅಲ್ಲ."

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಾಗ ಸಾಫ್ಟ್‌ಬಾಲ್ ಆಡೋದನ್ನ ಕಣ್ಣಾರೆ ನೋಡಿದವರು ಕಮ್ಮಿ. ಆದ್ರ ಬದಿಗೆ ಕೂತು ಕೂಗೋದು ನಮಗ ಹೊಸದಲ್ಲ. ಅದಕ್ಕ ಈ ಮೂರೂ ಮಾತನ್ನ ಇತಿಹಾಸದ ಮುಂದ ಇಟ್ಟು ನೋಡೋಣು.

(2/6)
ಮೊದಲು ಆಟದ ಕಥೆ. 1887ರ ನವೆಂಬರ್, ಷಿಕಾಗೊ ನಗರ. ಫ್ಯಾರಗಟ್ ಬೋಟ್ ಕ್ಲಬ್‌ನಲ್ಲಿ ಕೆಲವು ಗೆಳೆಯರು ಸೇರಿದ್ದರು. ಯೇಲ್ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ಪಂದ್ಯದಲ್ಲಿ ಯಾರು ಗೆದ್ದರು ಅನ್ನೋ ಸುದ್ದಿಗೆ ಕಾಯ್ತಿದ್ದರು. ಯೇಲ್ ಗೆದ್ದಿದೆ ಅಂತ ಗೊತ್ತಾಗಿದ್ದೇ ತಡ, ಒಬ್ಬ ಖುಷಿಯಿಂದ ಬಾಕ್ಸಿಂಗ್ ಗ್ಲೌಸ್ ಎಸೆದ, ಇನ್ನೊಬ್ಬ ಅದನ್ನ ಕೋಲಿನಿಂದ ಹೊಡೆದ. ಅಲ್ಲಿದ್ದ ಜಾರ್ಜ್ ಹ್ಯಾನ್‌ಕಾಕ್ ಅದೇ ಗ್ಲೌಸನ್ನು ಚೆಂಡಿನ ಹಾಗೆ ಕಟ್ಟಿ, ನೆಲದ ಮೇಲೆ ಗೆರೆ ಎಳೆದು ಆಟ ಶುರು ಮಾಡಿಸಿದ ಅಂತ ಹೇಳ್ತಾರೆ. 'ಸಾಫ್ಟ್‌ಬಾಲ್' ಅನ್ನೋ ಹೆಸರು ಬಂದದ್ದು 1926ರಲ್ಲಿ.

ಅಂದ್ರ ನೋಡ್ರಿ, ಈ ಆಟ ಹುಟ್ಟಿದ್ದೇ ಬೇರೆಯವರ ಪಂದ್ಯಕ್ಕೆ ಕೂಗ್ತಿದ್ದ ಅಭಿಮಾನಿಗಳ ನಡುವೆ!

ಇನ್ನು ಆಟದ ರಚನೆ. ಒಂದು ಪಂದ್ಯಕ್ಕೆ ಏಳು ಇನ್ನಿಂಗ್ಸ್. ಬ್ಯಾಟಿಂಗ್ ಬಂದಾಗ ಒಬ್ಬರು ಬ್ಯಾಟ್ ಹಿಡೀತಾರೆ, ಹೆಚ್ಚೆಂದರೆ ಮೂವರು ಬೇಸ್‌ಗಳ ಮೇಲಿರುತ್ತಾರೆ. ಉಳಿದವರಿಗೆ ಡಗೌಟೇ ಗತಿ. ಹೆಣ್ಣುಮಕ್ಕಳ ಆಟದಲ್ಲಿ ಚೆಂಡು ಬರೋದು 43 ಅಡಿ ದೂರದಿಂದ. ದೊಡ್ಡ ಮಟ್ಟದ ಪಂದ್ಯದಲ್ಲಿ ಅದು ಅರ್ಧ ಸೆಕೆಂಡಿನೊಳಗೆ ಬ್ಯಾಟಿನ ಹತ್ತಿರ ಇರುತ್ತೆ. ಯೋಚನೆ ಮಾಡಾಕ ಟೈಮೇ ಇಲ್ಲ. ಧೈರ್ಯ ಮೊದಲೇ ಕೂಡಿಸಿ ಇಟ್ಕೋಬೇಕು. ಅದನ್ನ ಕೂಡಿಸಿ ಕೊಡೋ ಕೆಲಸ ಬೆಂಚಿನದು.

(3/6)
ನಮ್ಮ ಆಟಗಳಾಗೂ ಇದೇ ರಚನೆ ಐತಿ. ಖೊ ಖೊದಲ್ಲಿ ಓಡೋ ಸರದಿ ಬಂದಾಗ ಒಳಗೆ ಇಳಿಯೋದು ಮೂರು ಮೂರು ಮಂದಿ. ಉಳಿದವರು ಬದಿಗೆ ಕೂತು "ಹಿಂದ ನೋಡು, ಕಂಬ ಹಿಡಿ" ಅಂತ ಒದರ್ತಾರ. ಕಬಡ್ಡಿಯಲ್ಲಿ ಔಟಾದವರು ಹೊರಗೆ ಸಾಲಾಗಿ ಕೂತು, ಯಾವಾಗ ತಮ್ಮವರು ಪಾಯಿಂಟ್ ತಂದು ತಮ್ಮನ್ನ ಎಬ್ಬಿಸ್ತಾರ ಅಂತ ಕಾಯ್ತಾರ. ಅವರ ಕೂಗಿನಾಗ ಸ್ವಾರ್ಥಾನೂ ಐತಿ, ಪ್ರೀತಿನೂ ಐತಿ.

ಇನ್ನೂ ಹಿಂದಕ್ಕೆ ಹೋದ್ರ, ಗಂಗಾವತಿಯವರ ಮನೆಬಾಗಿಲು, ಆನೆಗೊಂದಿ. ಹೊಳಿ ದಾಟಿದ್ರ ಹಂಪಿ. ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲಕ್ಕೆ, ಡೊಮಿಂಗೊ ಪಾಯಸ್ ಅನ್ನೋ ಪೋರ್ಚುಗೀಸ್ ಪ್ರವಾಸಿ ಇಲ್ಲಿಯ ಮಹಾನವಮಿ ಹಬ್ಬ ನೋಡಿ ಬರೆದಿಟ್ಟ. ಆಗಿನ ಕುಸ್ತಿಯಲ್ಲಿ ಹಲ್ಲು ಮುರಿಯುವಂಥ, ಕಣ್ಣು ಹೋಗುವಂಥ ಹೊಡೆತ ಬೀಳ್ತಿದ್ದವಂತೆ. ಸರಿಸಮ ಜೋಡಿ ಕಟ್ಟಾಕ, ಗೆದ್ದವರಿಗೆ ಮರ್ಯಾದೆ ಕೊಡಾಕ ತೀರ್ಪುಗಾರರೂ ಇದ್ದರಂತೆ. ನನ್ನ ಕಣ್ಣು ನಿಂತದ್ದು ಒಂದು ಸಣ್ಣ ವಿವರದ ಮ್ಯಾಲೆ: ಮಾತು ನಿಂತು ಬಿದ್ದವರನ್ನ ಅವರ ಗೆಳೆಯರೇ ಎತ್ತಿಕೊಂಡು ಹೋಗ್ತಿದ್ದರು.

ಆ ಗೆಳೆಯರು ಎಲ್ಲಿದ್ದರು? ಅಂಕಣದ ಬದಿಗೇ ಇರಬೇಕಲ್ಲ! ಬೆಂಚು ಅಂದ್ರ ಇದೇ. ಗೆದ್ದಾಗ ಕೂಗಾಕ, ಬಿದ್ದಾಗ ಎತ್ತಾಕ.

(4/6)
ಈಗ ನಮ್ಮ ಜಿಲ್ಲೆಯ ಮಾತು. ಕೊಪ್ಪಳ ಜಿಲ್ಲೆ ಆದದ್ದು 1997ರ ಆಗಸ್ಟ್ 24ಕ್ಕೆ. ಅದಕ್ಕೂ ಮೊದಲು ಈ ನಾಲ್ಕೂ ತಾಲ್ಲೂಕು ರಾಯಚೂರು ಜಿಲ್ಲೆಯಾಗಿದ್ದವು. ಕೊಪ್ಪಳದಿಂದ ಜಿಲ್ಲಾ ಕೇಂದ್ರಕ್ಕ ಹೋಗಬೇಕಂದ್ರ ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಅಷ್ಟು ದೂರ ಆಡಾಕ ಹೋಗೋ ಹಳ್ಳಿ ಸಾಲಿ ತಂಡದ ಹಿಂದ ಯಾರು ಹೋದಾರು? ಅಪ್ಪ ಹೊಲದಾಗ, ಅವ್ವ ಮನ್ಯಾಗ. ಬಸ್ ಚಾರ್ಜ್ ಬ್ಯಾರೆ. ತಂಡ, ಜತಿಗೆ ಒಬ್ಬ ಮಾಸ್ತರು, ಅಷ್ಟೇ.

ಅಂಥ ತಂಡಕ್ಕ ಗ್ಯಾಲರಿ ಅನ್ನೋದೇ ಇರಂಗಿಲ್ಲ. ಹೆಚ್ಚುವರಿ ಆಟಗಾರರು ಅಂತ ಕರ್ಕೊಂಡು ಹೋದ ಮೂರು ನಾಲ್ಕು ಮಂದಿನೇ ಅದರ ಗ್ಯಾಲರಿ. ಅವರೂ ಬಾಯಿ ಮುಚ್ಚಿ ಕೂತ್ರ, ಪರಊರಿನ ಮೈದಾನದಾಗ ನಮ್ಮ ಹುಡುಗಿ ಹೆಸರು ಹಿಡಿದು ಕರೆಯೋರು ಯಾರೂ ಉಳಿಯಂಗಿಲ್ಲ. ಈಗ ಜಿಲ್ಲಾ ಮೈದಾನ ಹತ್ರ ಬಂದೈತಿ. ಆದ್ರೂ ವಿಭಾಗ ಮಟ್ಟ, ರಾಜ್ಯ ಮಟ್ಟ ಅಂದ್ರ ಕಥಿ ಅದೇ.

(5/6)
"ಬೆಂಚಿನ ಕೂಗು ಬರೇ ಶೋ" ಅನ್ನೋರಿಗೆ ಒಂದು ತಾರೀಖು ಹೇಳ್ತೀನಿ: 2021ರ ಜುಲೈ 21. ಟೋಕಿಯೊ ಒಲಿಂಪಿಕ್ಸ್‌ನ ಮೊಟ್ಟಮೊದಲ ಪಂದ್ಯ ಸಾಫ್ಟ್‌ಬಾಲ್. ಉದ್ಘಾಟನೆಗೂ ಎರಡು ದಿನ ಮೊದಲೇ ಫುಕುಶಿಮಾದಲ್ಲಿ ನಡೆಯಿತು. ಜಪಾನ್ ಆಸ್ಟ್ರೇಲಿಯಾವನ್ನು 8–1ರಿಂದ ಸೋಲಿಸಿತು. ಕೋವಿಡ್ ಕಾರಣ ಪ್ರೇಕ್ಷಕರಿಗೆ ಪ್ರವೇಶವೇ ಇರಲಿಲ್ಲ, ಖಾಲಿ ಕುರ್ಚಿಗಳು. ಸ್ವಂತ ದೇಶದಲ್ಲಿ ಆಡುತ್ತಿದ್ದ ತಂಡಕ್ಕೂ ಉಳಿದದ್ದು ಡಗೌಟಿನ ದನಿ ಮಾತ್ರ. ಆರು ದಿನಗಳ ನಂತರ ಅದೇ ಜಪಾನ್ ಅಮೆರಿಕವನ್ನು 2–0ರಿಂದ ಸೋಲಿಸಿ ಚಿನ್ನ ಗೆದ್ದಿತು. ಕೂಗಿದ್ದಕ್ಕೇ ಗೆದ್ದರು ಅಂತ ನಾ ಹೇಳಂಗಿಲ್ಲ. ಆದ್ರ ಗ್ಯಾಲರಿ ಪೂರ್ತಿ ಖಾಲಿಯಾದಾಗಲೂ ಆಟಗಾರರ ಜತಿಗೆ ಉಳಿಯೋದು ಬೆಂಚು ಮಾತ್ರ ಅನ್ನೋದು ಅವತ್ತು ಜಗತ್ತಿಗೇ ಕಾಣಿಸ್ತು.

(6/6)
ಗದ್ದಲ ಅನ್ನೋರ ಮಾತಿನಾಗೂ ಒಂದು ಸತ್ಯ ಐತಿ. ನಮ್ಮವರ ಹೆಸರು ಕೂಗೋದು ಬ್ಯಾರೆ, ಎದುರಿನವರನ್ನ ಹಂಗಿಸೋದು ಬ್ಯಾರೆ. ಬಣ್ಣ, ಮೈಕಟ್ಟು, ಊರು, ಜಾತಿ ಹಿಡಿದು ಆಡೋ ಮಾತು ಚಿಯರಿಂಗ್ ಅಲ್ಲ. ಅದನ್ನ ಅಂಪೈರ್ ತಡೀಬೇಕು, ಅವರಿಗೂ ಮೊದಲು ನಾವೇ ತಡೀಬೇಕು.

"ಹುಡುಗ್ಯಾರು ಒದರಬಾರದು" ಅನ್ನೋ ಮಾತಿಗೆ ಮಾತ್ರ ಇತಿಹಾಸದಾಗ ಆಸರೆ ಸಿಗಂಗಿಲ್ಲ. 1530ರ ದಶಕದಲ್ಲಿ ವಿಜಯನಗರದ ಬಗ್ಗೆ ಬರೆದ ನೂನಿಜ್, ಅರಮನೆಯಲ್ಲಿ ಕುಸ್ತಿ ಆಡೋ ಹೆಣ್ಣುಮಕ್ಕಳಿದ್ದರು ಅಂತ ಬರೀತಾನೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊ ಖೊ ವಿಶ್ವಕಪ್ ಫೈನಲ್. ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿದರು. ಆ ತಂಡದಾಗ ತಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ ಇದ್ದರು. ಒಂದು ಹಳ್ಳಿಯ ಹುಡುಗಿ. ಗೆದ್ದ ಮ್ಯಾಲೆ ಊರೆಲ್ಲ ಕೂಗೇ ಕೂಗ್ತದ. ಗೆಲ್ಲೋಕಿಂತ ಮೊದಲು, ಧೂಳಿನ ಅಂಕಣದಾಗ ಆಡೋ ಕಾಲಕ್ಕ ಕೂಗೋರು ಬೇಕು.

ಹುಡುಗರು ಹಲಗಿ ಹೊಡೆದು ಕುಣಿದ್ರ 'ಉತ್ಸಾಹ', ಹುಡುಗ್ಯಾರು ಚಪ್ಪಾಳಿ ತಟ್ಟಿ ಕೂಗಿದ್ರ 'ಅಶಿಸ್ತು' ಅನ್ನೋ ಲೆಕ್ಕ ಸಾಕು.

ಮುಂದಿನ ತಾಲ್ಲೂಕು ಕ್ರೀಡಾಕೂಟದಾಗ ನೀವು ಹೆಚ್ಚುವರಿ ಆಟಗಾರರ ಸಾಲಿನಾಗ ಕೂತ್ರ ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಹೆಸರು ಸ್ಕೋರ್ ಹಾಳಿಯಾಗ ಬರಂಗಿಲ್ಲ, ಖರೆ. ಆದ್ರ ಒಳಗ ನಿಂತಾಕಿಗೆ ನಿಮ್ಮ ದನಿ ಕೇಳಿಸ್ತಿರ್ತದ.

ನಿಮ್ಮ ಸಾಲಿಯಾಗ, ಊರಾಗ ಯಾವ ಕೂಗು ಕೂಗ್ತೀರಿ? ಕೆಳಗ ಬರೀರಿ, ಕೂಡಿಸಿ ಇಡೋಣು. ಅದೂ ನಮ್ಮ ಜಿಲ್ಲೆಯ ಇತಿಹಾಸನ.

#ಕೊಪ್ಪಳ #ಗಂಗಾವತಿ #ಕುಷ್ಟಗಿ #ಯಲಬುರ್ಗಾ #ನಮ್ಮಇತಿಹಾಸ #ಬೆಂಚಿನದನಿ