ಏಕಮುಖ ವಾಣಿ

ಅಮೆರಿಕೆಯ ಷಿಕಾಗೊ ನಗರದ ಬೀದಿಗಳಲ್ಲಿ 1880ರಲ್ಲಿ, ಪೊಲೀಸರು ಠಾಣೆಯನ್ನು ಸಂಪರ್ಕಿಸಲು ಬಳಸುವ ಕರೆಪೆಟ್ಟಿಗೆಗಳು ತಲೆಯೆತ್ತುವವರೆಗೂ, ಗಸ್ತಿಗೆ ಹೊರಟ ಪೇದೆಯು ಠಾಣೆಗೆ ಮರಳುವ ಪರ್ಯಂತ ಮೇಲಧಿಕಾರಿಗಳ ಪಾಲಿಗೆ ಬಹುಮಟ್ಟಿಗೆ ಅದೃಶ್ಯನೇ ಆಗಿದ್ದನು. ಮುಂದೆ ಮೋಟಾರು ವಾಹನವು ಅಪರಾಧಿಗೂ ವೇಗವನ್ನು ದಯಪಾಲಿಸಲು, ಆ ಪೆಟ್ಟಿಗೆಗಳು ಸಾಲದೆ ಹೋದುವು. ಮೋಟಾರುಗಳ ತವರಾದ ಡೆಟ್ರಾಯಿಟಿನ ಪೊಲೀಸರೇ, ಹಲವು ವರ್ಷಗಳ ವಿಫಲ ಪ್ರಯೋಗಗಳಿಂದ ಎದೆಗುಂದದೆ, 1928ರ ಏಪ್ರಿಲಿನಲ್ಲಿ ಗಸ್ತಿನ ಕಾರುಗಳಿಗೆ ರೇಡಿಯೋ ಮೂಲಕ ನಿಯತವಾಗಿ ಆದೇಶಗಳನ್ನು ಕಳುಹಿಸತೊಡಗಿದುದು ಉಚಿತವೇ ಸರಿ.

ಆದರೆ ಆ ವಾಣಿಯು ಏಕಮುಖವಾದುದು. ಕೇಂದ್ರದ ಆಜ್ಞೆಯನ್ನು ಕಾರಿನಲ್ಲಿದ್ದವರು ಕೇಳಬಹುದಾಗಿತ್ತೇ ಹೊರತು ಪ್ರತಿನುಡಿಯಲು ಅವರಲ್ಲಿ ಸಾಧನವಿರಲಿಲ್ಲ. ಆಜ್ಞೆ ತಲುಪಿತೆಂದು ತಿಳಿಸುವುದಕ್ಕಾಗಲಿ, ತಾವೇ ಅಪಾಯಕ್ಕೆ ಸಿಲುಕಿದಾಗ ನೆರವನ್ನು ಯಾಚಿಸುವುದಕ್ಕಾಗಲಿ, ಕಾರನ್ನು ನಿಲ್ಲಿಸಿ ಸಮೀಪದ ದೂರವಾಣಿಯನ್ನು ಅರಸಿ ನಡೆಯಬೇಕಾಗಿತ್ತು. ಬೀದಿಯಲ್ಲಿ ನಿಂತು ಕಣ್ಣಾರೆ ಕಂಡವನ ಮಾತೇ ಕೇಂದ್ರಕ್ಕೆ ಎಲ್ಲಕ್ಕಿಂತ ಅಮೂಲ್ಯವಾದ ಮಾಹಿತಿಯಲ್ಲವೆ? ಆದಕಾರಣ, ಇತಿಹಾಸಕಾರರು ಡೆಟ್ರಾಯಿಟಿಗೆ ಸಲ್ಲಿಸುವ ಗೌರವವನ್ನು ಒಪ್ಪಿಕೊಂಡೂ, ನ್ಯೂಜೆರ್ಸಿಯ ಬೇಯೋನ್ ಎಂಬ ಚಿಕ್ಕ ನಗರವು 1933ರಲ್ಲಿ ಗಸ್ತಿನವನಿಗೆ ಮರುಮಾತಿನ ಅವಕಾಶವಿತ್ತ ದ್ವಿಮುಖ ರೇಡಿಯೋ ವ್ಯವಸ್ಥೆಯನ್ನೇ ನಾನು ಹೆಚ್ಚಿನದೆಂದು ಎಣಿಸುತ್ತೇನೆ. 1940ರಲ್ಲಿ ಕನೆಕ್ಟಿಕಟ್ ರಾಜ್ಯದ ಪೊಲೀಸರು, ಪ್ರಾಧ್ಯಾಪಕ ಡೇನಿಯಲ್ ನೋಬಲ್ ಅವರು ರೂಪಿಸಿದ ಎಫ್.ಎಂ. ಪದ್ಧತಿಯನ್ನು ಅಂಗೀಕರಿಸಲಾಗಿ, ಆ ಸಂವಾದವು ಗದ್ದಲದ ಉಪದ್ರವದಿಂದಲೂ ಬಹುಮಟ್ಟಿಗೆ ಪಾರಾಯಿತು.